ಲೂಣಿ ದಂಡೆಯಲ್ಲೊಂದು ದಪ್ಪ ಗೋಡೆಯ ಮನೆ

ರಾಜಸ್ಥಾನದ ಮಾರ್ವಾಡದಲ್ಲಿ ಹೊಸ ಮನೆ ಕಟ್ಟಿಸಬೇಕು ಅಂತ ಬರುವವರ ಮೊಬೈಲಿನಲ್ಲಿ ಎರಡು ಫೋಟೋ ಇದ್ದೇ ಇರುತ್ತವೆ. ಒಂದು ಜೈಸಲ್ಮೇರಿನ ಪಟವೋಂ ಕೀ ಹವೇಲಿ, ಅಂದರೆ ಹಳೇ ಕಾಲದ ಸಾಹುಕಾರರ ಕೆತ್ತನೆಯ ಕಲ್ಲುಮನೆ. ಇನ್ನೊಂದು ದುಬೈನ ಯಾವುದೋ ವಿಲ್ಲಾ, ಮುಂದೆಲ್ಲ ಬರೀ ಗಾಜು. ಇದೂ ಬೇಕು, ಅದೂ ಬೇಕು, ಕರೆಂಟ್ ಬಿಲ್ಲು ಮಾತ್ರ ಬರಬಾರದು. ಜೋಧ್‌ಪುರದಲ್ಲಿ ಆರ್ಕಿಟೆಕ್ಟ್ ಅಂತ ಬೋರ್ಡು ಹಾಕಿಕೊಂಡು ಕೂತಾಗಿನಿಂದ ಈ ಬೇಡಿಕೆ ಕೇಳಿ ಕೇಳಿ ನನಗೆ ಅಭ್ಯಾಸವಾಗಿದೆ.

ಕೆಲವು ವರ್ಷದ ಹಿಂದೆ ಬಂದ ಒಂದು ಫೋನು ಮಾತ್ರ ಬೇರೆ ಥರ ಇತ್ತು. "ನಮಸ್ಕಾರ್ರೀ ಮೇಡಮ್ಮರ, ನೀವು ಕಲಬುರ್ಗಿ ಕಡೆಯವರಂತಲ್ರಿ?" ಅಪ್ಪಟ ಹುಬ್ಬಳ್ಳಿ ಮಾತು. ಮಾತಾಡುತ್ತಿದ್ದವರು ಬಾಲೋತ್ರಾ ಹತ್ತಿರದ ಒಂದು ಹಳ್ಳಿಯ ಶೇಠ್‌ಜಿ. ಅವರ ಅಪ್ಪನ ಕಾಲದಿಂದ ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿ. ಈಗ ಅಂಗಡಿ ಮಗನ ಕೈಗೆ ಕೊಟ್ಟು, ತಾಯಿಯ ಜೊತೆ ಊರಲ್ಲಿ ಇರಬೇಕು ಅಂತ ವಾಪಸ್ ಬಂದಿದ್ದರು. ನಮ್ಮ ಕಡೆಯ ಯಾವ ಪೇಟೆಗೆ ಹೋದರೂ ಬಾಲೋತ್ರಾ, ಜಾಲೋರ್, ಸಿರೋಹಿ, ಪಾಲಿ ಕಡೆಯವರ ಒಂದು ಅಂಗಡಿಯಾದರೂ ಇರುತ್ತದೆ, ಅಲ್ವಾ? ಅವರ ಊರಿನ ಮನೆ ಹೇಗಿರುತ್ತದೆ ಅಂತ ಮಾತ್ರ ನಾವು ಕೇಳಿರುವುದಿಲ್ಲ.

ಶೇಠ್‌ಜಿ ಕೇಳಿದ್ದು ಇಷ್ಟೇ: "ಹಳೇ ಮನಿ ತಂಪ ಇರ್ತದ, ಆದ್ರ ಅಲ್ಲಿ ಇರಾಕ ಆಗೂದಿಲ್ಲ. ನನ್ನ ತಮ್ಮ ಕಟ್ಟಿಸಿದ ಹೊಸ ಮನಿಯೊಳಗ ಇರಾಕ ಆಗ್ತದ, ಆದ್ರ ಕುದೀತದ. ಎರಡೂ ಕೂಡಿಸಿ ಒಂದು ಮಾಡ್ರೀ."

ಇದಕ್ಕಿಂತ ಸ್ಪಷ್ಟವಾಗಿ ಯಾರೂ ನನಗೆ ಕೆಲಸ ಹೇಳಿಲ್ಲ.

ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಬಾಲೋತ್ರಾ ಇರುವುದು ಲೂಣಿ ನದಿಯ ದಂಡೆಯಲ್ಲಿ. ಅಜ್ಮೇರ್ ಹತ್ತಿರ ಅರಾವಳಿಯಲ್ಲಿ ಹುಟ್ಟುವ ಈ ನದಿ ಬಾಲೋತ್ರಾ ತನಕ ಸಿಹಿ, ಅಲ್ಲಿಂದ ಮುಂದೆ ಉಪ್ಪು. ಸಮುದ್ರ ಸೇರುವುದೇ ಇಲ್ಲ, ಕಚ್ಛದ ರಣದಲ್ಲಿ ಇಂಗಿಹೋಗುತ್ತದೆ. ವರ್ಷದ ಜಾಸ್ತಿ ಕಾಲ ಅದರಲ್ಲಿ ನೀರೇ ಇರುವುದಿಲ್ಲ. ಈ ಹಳ್ಳಿಯ ಬೋರ್‌ವೆಲ್ ನೀರು ಬಾಯಿಗೆ ಹಾಕಿದರೆ ಸವಳು. ಬೇಸಿಗೆ ಹೇಗೆ ಅಂತೀರಾ? ಇಲ್ಲಿಂದ ಉತ್ತರಕ್ಕೆ ಇರುವ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಯಿತು. ಕಲಬುರ್ಗಿಯವರಾದ ನಮಗೆ ಬಿಸಿಲು ಹೊಸದಲ್ಲ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದವಳು ನಾನು. ಇಲ್ಲಿ ಬಂದಮೇಲೆ ಬಿಟ್ಟೆ. ಇಲ್ಲಿನ ಬಿಸಿಲಿಗೆ ಧೂಳು ಮತ್ತು ಗಾಳಿ ಜೊತೆಗಿರುತ್ತವೆ. ಆ ಬಿಸಿಗಾಳಿಗೆ 'ಲೂ' ಅಂತಾರೆ. ಮುಖಕ್ಕೆ ಬಡಿದರೆ ಕಣ್ಣಿನ ನೀರೂ ಆರುತ್ತದೆ.

ಆದರೆ ಒಂದು ಅನುಕೂಲ ಇದೆ. ರಾತ್ರಿ ತಣ್ಣಗಾಗುತ್ತದೆ. ಮೇ ತಿಂಗಳಲ್ಲಿ ಹಗಲು 42–43 ಇದ್ದರೂ ಬೆಳಗಿನ ಜಾವಕ್ಕೆ 27–28ಕ್ಕೆ ಇಳಿಯುತ್ತದೆ. ಆಕಾಶದಲ್ಲಿ ಮೋಡ ಇಲ್ಲ, ಗಾಳಿಯಲ್ಲಿ ತೇವ ಇಲ್ಲ, ಹಾಗಾಗಿ ನೆಲದ ಬಿಸಿಯೆಲ್ಲ ಮೇಲಕ್ಕೆ ಹಾರಿಹೋಗುತ್ತದೆ. ಮರಳುಗಾಡಿನ ಹಳೆಯ ಮನೆಯ ಲೆಕ್ಕವೆಲ್ಲ ನಿಂತಿರುವುದು ಈ ಹದಿನೈದು ಡಿಗ್ರಿ ವ್ಯತ್ಯಾಸದ ಮೇಲೆ. ಹವೇಲಿಯ ಕೆತ್ತನೆ ನೋಡಿ ಮೂಗಿನ ಮೇಲೆ ಬೆರಳಿಡುವವರು ಗೋಡೆಯ ದಪ್ಪ ಅಳೆದು ನೋಡುವುದಿಲ್ಲ.

ಶೇಠ್‌ಜಿಯ ಹಳೆಯ ಮನೆಯನ್ನು ಮೊದಲು ಅಳೆದೆವು. ಗೋಡೆ ಹದಿನೆಂಟು ಇಂಚಿನಿಂದ ಎರಡು ಅಡಿ. ಬಾಗಿಲು ದಾಟಿದರೆ 'ಪೋಳ್', ಅಂದರೆ ನಮ್ಮ ತಲೆಬಾಗಿಲ ಹಜಾರದ ಹಾಗೆ. ಆಮೇಲೆ ಚೌಕ್, ಅಂದರೆ ಅಂಗಳ. ಅದರ ಸುತ್ತ 'ಸಾಳ್' ಅನ್ನುವ ಉದ್ದ ಕೋಣೆ, ಅದರ ಹಿಂದೆ 'ಓರಾ' ಅನ್ನುವ ಕತ್ತಲ ಕೋಣೆ. ಮೇಲೆ 'ಡಾಗಳಾ', ಬಯಲು ಮಾಳಿಗೆ. ಗಾಳಿ ಆಡುವ ಮೂಲೆಯಲ್ಲಿ ನೀರಿನ ಮಡಕೆ ಇಡುವ 'ಪರೀಂಡಾ'. ಕಿಟಕಿ ಸಣ್ಣವು, ಅವೂ ಮೇಲೆ.

ಶೇಠ್‌ಜಿಯ ತಾಯಿಯನ್ನು ಊರವರೆಲ್ಲ ಮಾಜೀಸಾ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ಬಾಯಿಸಾ ಅನ್ನುತ್ತಿದ್ದರು, ಮನೆಮಗಳಿಗೆ ಅನ್ನುವ ಹಾಗೆ. ಬೇಸಿಗೆಯಲ್ಲಿ ಎಲ್ಲಿ ಕೂರುತ್ತಿದ್ದಿರಿ ಅಂತ ಕೇಳಿದರೆ ಅವರು ಕೋಣೆಯ ಹೆಸರು ಹೇಳಲಿಲ್ಲ, ಹೊತ್ತಿನ ಹೆಸರು ಹೇಳಿದರು. ಬೆಳಿಗ್ಗೆ ಚೌಕ್‌ನಲ್ಲಿ, ನೆರಳು ಯಾವ ಗೋಡೆಯ ಬುಡದಲ್ಲಿದೆಯೋ ಅಲ್ಲಿ. ಬಿಸಿಲೇರಿದ ಮೇಲೆ ಸಾಳ್, ಕಿಟಕಿ ಮುಚ್ಚಿ. ಮಟಮಟ ಮಧ್ಯಾಹ್ನ ಓರಾದೊಳಗೆ, ನೆಲದ ಮೇಲೆ. ಸಂಜೆ ನೀರು ಚಿಮುಕಿಸಿದ ಚೌಕ್. ರಾತ್ರಿ ಡಾಗಳಾ ಮೇಲೆ ಹಾಸಿಗೆ. ಇಡೀ ದಿನ ಮನೆಯೊಳಗೇ ವಲಸೆ! ಈ ವಲಸೆಯನ್ನು ಬಿಟ್ಟು ಬರೀ ಗೋಡೆಯನ್ನು ನಕಲು ಮಾಡಿದರೆ ಅರ್ಧ ಕೆಲಸವೂ ಆಗುವುದಿಲ್ಲ ಅಂತ ನನಗೆ ಅಲ್ಲೇ ಖಾತ್ರಿಯಾಯಿತು.

ಈಗಿನವರು ಹಾಗೆ ಇರುವುದಿಲ್ಲವಲ್ಲ. ಒಂದು ಬೆಡ್‌ರೂಮು, ಅದರಲ್ಲೇ ಟಿವಿ, ಅದರಲ್ಲೇ ಚಾರ್ಜರು. ಮಧ್ಯಾಹ್ನ ಮೂರಕ್ಕೂ ಅದೇ ಕೋಣೆ, ರಾತ್ರಿ ಹನ್ನೊಂದಕ್ಕೂ ಅದೇ. ಎರಡೂ ಹೊತ್ತಿಗೆ ಒಂದೇ ಕೋಣೆ ತಂಪಾಗಿರಬೇಕು ಅಂದರೆ ಹಳೆಯ ಗೋಡೆಯೊಂದೇ ಸಾಲುವುದಿಲ್ಲ.

ಕಾರಣ ಇದು. ಕಲ್ಲು ಬಿಸಿಯನ್ನು ತಡೆಯುವ ವಸ್ತು ಅಲ್ಲವೇ ಅಲ್ಲ. ಬಿಸಿ ಅದರೊಳಗೆ ಇಟ್ಟಿಗೆಗಿಂತ ಸಲೀಸಾಗಿ ಹರಿಯುತ್ತದೆ. ಕಲ್ಲು ಮಾಡುವ ಉಪಕಾರ ಅಂದರೆ ತಡ ಮಾಡುವುದು. ಒಂದೂವರೆ ಅಡಿಯ ಗೋಡೆಯ ಹೊರಮೈಗೆ ಮಧ್ಯಾಹ್ನ ಬಿದ್ದ ಬಿಸಿ ಒಳಮೈಗೆ ತಲುಪುವಾಗ ರಾತ್ರಿ ಸರಿಹೊತ್ತಾಗಿರುತ್ತದೆ. ಆಗ ಮನೆಮಂದಿ ಡಾಗಳಾ ಮೇಲೆ ಮಲಗಿರುತ್ತಿದ್ದರು, ಹಾಗಾಗಿ ಯಾರಿಗೂ ತೊಂದರೆ ಇರಲಿಲ್ಲ. ಶೇಠ್‌ಜಿಯ ತಮ್ಮ ಏನು ಮಾಡಿದ್ದರು ಗೊತ್ತಾ? ಅದೇ ಕಲ್ಲು, ಆದರೆ ಒಂಬತ್ತು ಇಂಚಿನ ಗೋಡೆ. ಮೇಲೆ ಐದಿಂಚಿನ ಆರ್‌ಸಿಸಿ ಸ್ಲ್ಯಾಬು, ಅದರ ಮೇಲೆ ಏನೂ ಇಲ್ಲ. ಬಿಸಿ ಸಂಜೆ ಏಳಕ್ಕೇ ಒಳಗೆ ಹಾಜರು. ಸರಿಯಾಗಿ ಊಟಕ್ಕೆ ಕೂರುವ ಹೊತ್ತಿಗೆ. ಪಶ್ಚಿಮಕ್ಕೆ ಮುಖಮಾಡಿ ಸಿಎನ್‌ಸಿ ಮೆಷಿನ್ನಿನಲ್ಲಿ ಕೊರೆಸಿದ ಚಂದದ ಜಾಲಂದ್ರ ಬೇರೆ. ಅದಕ್ಕೆ ಅಂಟಿಕೊಂಡೇ ಗಾಜು. ನೋಡಲು ಹವೇಲಿ, ಒಳಗೆ ಭಟ್ಟಿ.

ಜಾಲಂದ್ರ ತಪ್ಪಲ್ಲ. ಇಡುವ ಜಾಗ ಗೊತ್ತಿರಬೇಕು. ಜೈಪುರದ ಹೊರವಲಯದ ಕೂಕಸ್‌ನಲ್ಲಿ 2008ರಲ್ಲಿ ಕಟ್ಟಿದ ಪರ್ಲ್ ಅಕಾಡೆಮಿಯಲ್ಲಿ ಜಾಲಂದ್ರವನ್ನು ಗೋಡೆಯಿಂದ ನಾಲ್ಕು ಅಡಿ ದೂರ ನಿಲ್ಲಿಸಿದ್ದಾರೆ. ಬಿಸಿಲು ಜಾಲಂದ್ರಕ್ಕೆ ಬೀಳುತ್ತದೆ, ಅದು ಕಾಯುತ್ತದೆ, ಮಧ್ಯದ ಗಾಳಿ ಆ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಒಳಗಿನ ಗೋಡೆ ನೆರಳಲ್ಲೇ ಉಳಿಯುತ್ತದೆ. ಮಾಳಿಗೆಯಲ್ಲಿ ಮಣ್ಣಿನ ಮಡಕೆ ಬೋರಲು ಹಾಕಿ ಅದರ ಮೇಲೆ ಕಾಂಕ್ರೀಟ್ ಹಾಕಿದ್ದಾರೆ. ಕಟ್ಟಡದ ಕೆಳಗೆ ಮೆಟ್ಟಿಲ ಬಾವಿಯ ಹಾಗೆ ತಗ್ಗು ಮಾಡಿ, ಶುದ್ಧ ಮಾಡಿದ ಬಳಕೆ ನೀರು ತುಂಬಿಸಿದ್ದಾರೆ. ಮಾರ್ಫೋಜೆನೆಸಿಸ್ ಅನ್ನುವ ದೆಹಲಿಯ ಸಂಸ್ಥೆಯ ಕೆಲಸ. ಜಾಲಂದ್ರವನ್ನು ಛತ್ರಿಯ ಥರ ಬಳಸಿದ್ದು ನನಗೆ ತುಂಬಾ ಹಿಡಿಸಿತು.

ಇನ್ನೊಂದು, ಜೈಸಲ್ಮೇರಿನಿಂದ ಸಮ್ ಮರಳುದಿಬ್ಬದ ಕಡೆ ಹೋಗುವಾಗ ಕನೋಯಿ ಹಳ್ಳಿಯಲ್ಲಿರುವ ರಾಜಕುಮಾರಿ ರತ್ನಾವತಿ ಹೆಣ್ಣುಮಕ್ಕಳ ಶಾಲೆ. ನ್ಯೂಯಾರ್ಕಿನ ಡಯಾನಾ ಕೆಲ್ಲಾಗ್ ವಿನ್ಯಾಸ ಮಾಡಿದ್ದು, 2021ರಲ್ಲಿ ಶುರುವಾಯಿತು. ಮೊಟ್ಟೆಯಾಕಾರ, ನಡುವೆ ಅಂಗಳ, ಸುತ್ತ ಹಳದಿ ಕಲ್ಲಿನ ಗೋಡೆ, ಒಳಗೆ ಸುಣ್ಣದ ಗಿಲಾವು. ಎಸಿ ಇಲ್ಲ. ಮೇಲೆ ಸೋಲಾರ್ ಪ್ಯಾನೆಲ್‌ಗಳನ್ನೇ ಚಪ್ಪರದ ಹಾಗೆ ಎತ್ತರಿಸಿ ಕೂರಿಸಿದ್ದಾರೆ. ಕರೆಂಟೂ ಬಂತು, ಮಾಳಿಗೆಗೆ ನೆರಳೂ ಬಂತು. ಈ ಚಪ್ಪರದ ಉಪಾಯವನ್ನು ನಾನು ಯಾವ ಸಂಕೋಚವೂ ಇಲ್ಲದೆ ಶೇಠ್‌ಜಿ ಮನೆಗೆ ತಂದೆ.

ಈಗ ನಮ್ಮ ಗೋಡೆಗೆ ಬರುತ್ತೇನೆ. ಹೊರಗೆ ಆರು ಇಂಚಿನ ಜೋಧ್‌ಪುರ ಕಲ್ಲು. ಆಮೇಲೆ ಎರಡು ಇಂಚು ಖಾಲಿ ಜಾಗ. ಒಳಗೆ ಒಂಬತ್ತು ಇಂಚಿನ ಮಣ್ಣಿನ ಬ್ಲಾಕು. ಎರಡನ್ನೂ ಹಿಡಿದಿಡಲು ಅಲ್ಲಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಕೊಂಡಿ. ಒಟ್ಟು ಹದಿನೇಳು ಇಂಚು, ಅಂದರೆ ಹಳೆಯ ಮನೆಯ ದಪ್ಪವೇ ಹತ್ತಿರ ಹತ್ತಿರ. ಕೆಲಸ ಮಾತ್ರ ಬೇರೆ. ಹೊರಗಿನ ಕಲ್ಲು ಬಿಸಿಲು ತಿನ್ನುತ್ತದೆ, ನಡುವಿನ ಖಾಲಿ ಜಾಗ ದಾಟುವುದು ಬಿಸಿಗೆ ಕಷ್ಟ. ಒಳಗಿನ ಮಣ್ಣಿನ ಗೋಡೆ ರಾತ್ರಿಯ ತಂಪನ್ನು ಕುಡಿದು ಹಗಲಿಗೆ ಇಟ್ಟುಕೊಳ್ಳುತ್ತದೆ. ಹಳೆಯ ಮನೆಯಲ್ಲಿ ಒಂದೇ ಗೋಡೆ ಮಾಡುತ್ತಿದ್ದ ಎರಡು ಕೆಲಸವನ್ನು ಇಬ್ಬರಿಗೆ ಹಂಚಿಕೊಟ್ಟೆವು. ಪಶ್ಚಿಮದ ಗೋಡೆಗೆ ಇಷ್ಟೂ ಸಾಲದು ಅಂತ ಮೆಟ್ಟಿಲು, ಉಗ್ರಾಣ, ಬಚ್ಚಲು ಎಲ್ಲ ಆ ಕಡೆಗೇ ತಳ್ಳಿದೆ.

ಬಚ್ಚಲನ್ನು ಆ ಕಡೆ ಪ್ರತ್ಯೇಕವಾಗಿ ಇಟ್ಟಿದ್ದಕ್ಕೆ ಇನ್ನೊಂದು ಕಾರಣ ಜೈಸಲ್ಮೇರ್ ಕೋಟೆ. 1156ರಲ್ಲಿ ಶುರುವಾದ ಕೋಟೆ, ಈಗಲೂ ಒಳಗೆ ಜನ ಇದ್ದಾರೆ. ಬಿಂದಿಗೆ ಲೆಕ್ಕದಲ್ಲಿ ನೀರು ಬಳಸುವ ಕಾಲಕ್ಕೆ ಕಟ್ಟಿದ್ದು. ನಲ್ಲಿ ಬಂತು, ಕಕ್ಕಸು ಬಂತು, ಹೋಟೆಲ್ ಬಂದವು. ಸೋರಿದ ನೀರು ಗುಡ್ಡದೊಳಗೆ ಇಳಿದು ಬುಡವೇ ಮೆತ್ತಗಾಗಿ ಬುರುಜುಗಳು ಕುಸಿದವು. ಹಳೆಯ ಕಟ್ಟಡ ಪದ್ಧತಿಗೆ ಹೊಸ ಸೌಕರ್ಯ ಸೇರಿಸುವಾಗ ಮೊದಲು ಯೋಚಿಸಬೇಕಾದ್ದು ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು. ನಮ್ಮ ಬಚ್ಚಲ ಸಾಲಿಗೆ ಬೇರೆ ಬುನಾದಿ, ಪೈಪೆಲ್ಲ ಹೊರಗಡೆ ಕಾಣುವ ಹಾಗೆ. ಶೇಠ್‌ಜಿಯ ಸೊಸೆಗೆ ಪೈಪು ಕಾಣುವುದು ಇಷ್ಟವಾಗಲಿಲ್ಲ. ಇರಲಿ ಬಿಡಿ.

ಮಣ್ಣಿನ ಬ್ಲಾಕು ಅಂದ ಕೂಡಲೇ ಶೇಠ್‌ಜಿ ಗಾಬರಿಯಾದರು. ಆಗಬೇಕಾದ್ದೇ. 2006ರ ಆಗಸ್ಟಿನಲ್ಲಿ ಬಾರ್ಮೇರ್ ಜಿಲ್ಲೆಯಲ್ಲಿ ಪ್ರವಾಹ ಬಂತು. ಮರಳುಗಾಡಿನಲ್ಲಿ ಪ್ರವಾಹ! ಕವಾಸ್ ಅನ್ನುವ ಊರು ಮುಳುಗಿತು. ನೆಲದಡಿ ಜಿಪ್ಸಮ್ ಪದರ ಇರುವುದರಿಂದ ನೀರು ಇಂಗದೆ ಎಷ್ಟೋ ದಿನ ಹಾಗೇ ನಿಂತಿತ್ತು. ಮಣ್ಣಿನ ಗುಂಡು ಗುಡಿಸಲುಗಳು, ಇಲ್ಲಿನವರು ಝೋಂಪಾ ಅನ್ನುತ್ತಾರೆ, ಕರಗಿಯೇ ಹೋದವು. ಆಮೇಲೆ ಸೀಡ್ಸ್ ಅನ್ನುವ ಸಂಸ್ಥೆ ಅಲ್ಲಿ ಮುನ್ನೂರು ಮನೆ ಕಟ್ಟಿತು. ಆಕಾರ ಅದೇ ಗುಂಡು, ಮೇಲೆ ಅದೇ ಹುಲ್ಲಿನ ಚಾವಣಿ. ಗೋಡೆಗೆ ಮಾತ್ರ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕು. ಗುಂಡಗಿನ ಗೋಡೆ ಬಿರುಗಾಳಿಯನ್ನೂ ಭೂಕಂಪವನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ ಅನ್ನುವುದು ಹಳಬರಿಗೆ ಗೊತ್ತಿತ್ತು, ಅದನ್ನು ಇವರು ಬದಲಾಯಿಸಲಿಲ್ಲ.

ಶೇಠ್‌ಜಿಗೆ ಧೈರ್ಯ ಬಂದದ್ದು ಬೇರೆ ಕಾರಣಕ್ಕೆ. ಇಂಥ ಬ್ಲಾಕಿನ ಮೇಲೆ ನಮ್ಮ ದೇಶದಲ್ಲಿ ಗಟ್ಟಿ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಮ್ಮ ಹಿರಿಯರು ಕರೆಯುವ ಐಐಎಸ್‌ಸಿಯಲ್ಲಿ 1974ರಲ್ಲಿ 'ಅಸ್ತ್ರ' ಅನ್ನುವ ವಿಭಾಗ ಶುರುವಾಯಿತು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ. ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಮಣ್ಣಿನ ಬ್ಲಾಕು ಒತ್ತುವ ಕೈಯಂತ್ರ, ಬೆರಕೆಯ ಹದ, ಗೋಡೆಯ ಬಲ ಎಲ್ಲವನ್ನೂ ಪರೀಕ್ಷೆ ಮಾಡಿದರು. ಬೆಂಗಳೂರಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. "ಬೆಂಗಳೂರಾಗ ಮಳಿ ತಡಕೊಂಡೈತಿ ಅಂದ್ರ ಇಲ್ಲೇನ್ ಬಿಡ್ರಿ" ಅಂತ ಶೇಠ್‌ಜಿ ಒಪ್ಪಿದರು. ಆಮೇಲೆ ಊರವರಿಗೆಲ್ಲ ಅವರೇ ಪ್ರಚಾರ ಮಾಡಿದರು.

ಸೈಟಿನ ಮಣ್ಣು ಬಳಸಲು ಆಗಲಿಲ್ಲ, ಉಪ್ಪು ಜಾಸ್ತಿ. ಹತ್ತಿರದ ಕೆರೆ ಹೂಳು ತೆಗೆಯುತ್ತಿದ್ದ ಕಡೆಯಿಂದ ಮಣ್ಣು, ಅದಕ್ಕೆ ಮರಳು, ಸುಮಾರು ನೂರಕ್ಕೆ ಏಳು ಪಾಲು ಸಿಮೆಂಟ್. ಸುಡುವ ಕೆಲಸ ಇಲ್ಲ, ಹಾಗಾಗಿ ಸೌದೆಯೂ ಇಲ್ಲ ಕಲ್ಲಿದ್ದಲೂ ಇಲ್ಲ.

ಉಪ್ಪಿನ ಗೋಳು ಇಷ್ಟಕ್ಕೇ ಮುಗಿಯುವುದಿಲ್ಲ. ಸವಳು ನೀರಲ್ಲಿ ಕಾಂಕ್ರೀಟ್ ಕಲಸಿದರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಸ್ಲ್ಯಾಬ್ ಬಿರಿಯುತ್ತದೆ. ಈ ಸೀಮೆಯಲ್ಲಿ ತಳ ಉದುರಿ ಸರಳು ಇಣುಕುವ ಸ್ಲ್ಯಾಬುಗಳನ್ನು ಬೇಕಾದಷ್ಟು ನೋಡಿದ್ದೇನೆ. ಸಿಹಿನೀರಿನ ಟ್ಯಾಂಕರ್ ತರಿಸಿ ವಾರಗಟ್ಟಲೆ ನೀರುಣಿಸಬೇಕು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಲ್ಲಿ ಅದು ನನಗೆ ಸರಿ ಕಾಣಲಿಲ್ಲ.

ಹಾಗಾಗಿ ಮಾಳಿಗೆಗೆ 'ಪಟ್ಟಿ'. ಜೋಧ್‌ಪುರದ ಕಲ್ಲು ಪದರ ಪದರವಾಗಿ ಸೀಳುತ್ತದೆ. ಉದ್ದದ ಹಲಗೆಗಳ ಹಾಗೆ ಸೀಳಿ ಗೋಡೆಯಿಂದ ಗೋಡೆಗೆ ಇಟ್ಟರೆ ಅದೇ ಮಾಳಿಗೆ. ಕಬ್ಬಿಣ ಬೇಡ, ಸೆಂಟ್ರಿಂಗ್ ಬೇಡ, ನೀರುಣಿಸುವುದು ಬೇಡ. ಬೆಳಿಗ್ಗೆ ಶುರು ಮಾಡಿದರೆ ಸಂಜೆಗೆ ಕೋಣೆಗೆ ತಲೆಮೇಲೆ ಕಲ್ಲು. ಶಹಾಬಾದಿ ಕಲ್ಲಿನ ಸೀಮೆಯಲ್ಲಿ ಬೆಳೆದ ನನಗೆ ಇದು ಹೊಸದಲ್ಲ. ನಮ್ಮಲ್ಲಿ ಪರಸಿ ನೆಲಕ್ಕೂ ಬಂತು, ಕಪಾಟಿಗೂ ಬಂತು, ಬೇಲಿಗೂ ಬಂತು. ಇಲ್ಲಿ ತಲೆಯ ಮೇಲೂ ಬರುತ್ತದೆ, ಅಷ್ಟೇ.

ಪಟ್ಟಿಗೆ ಒಂದು ಹಟ ಇದೆ. ಒಂಬತ್ತು ಹತ್ತು ಅಡಿಗಿಂತ ಅಗಲ ಕೊಡುವುದಿಲ್ಲ. ಹಳೆಯ ಮನೆಗಳಲ್ಲಿ ಕೋಣೆಗಳು ಉದ್ದಕ್ಕೆ ಕಿರಿದಾಗಿ ಇರುವುದು ಅದಕ್ಕೇ. ಮಲಗುವ ಕೋಣೆಗಳಿಗೆ ಶೇಠ್‌ಜಿ ಒಪ್ಪಿದರು. ಹಾಲ್ ಮಾತ್ರ ಹದಿನಾರು ಅಡಿ ಬೇಕೇ ಬೇಕು ಅಂದರು. ಹುಬ್ಬಳ್ಳಿಯಿಂದ ನೆಂಟರು ಬಂದರೆ ಕೂರಿಸಬೇಡವೇ? ನಡುವೆ ಒಂದು ಉಕ್ಕಿನ ಗರ್ಡರ್ ಹಾಕಿ, ಅದರ ಆಚೆ ಈಚೆ ಎಂಟೆಂಟು ಅಡಿಯ ಪಟ್ಟಿ ಇಟ್ಟೆವು. ಗರ್ಡರನ್ನು ಮುಚ್ಚಲಿಲ್ಲ. ತುಕ್ಕು ಬಂದರೆ ಕಣ್ಣಿಗೆ ಕಾಣಬೇಕು, ಬಣ್ಣ ಹೊಡೆಯಲು ಕೈಗೆ ಸಿಗಬೇಕು.

ಬರೀ ಪಟ್ಟಿ ಇಟ್ಟರೆ ಕೆಳಗಿದ್ದವರು ಬೆಂದು ಹೋಗುತ್ತಾರೆ. ಹಿಂದೆ ಅದರ ಮೇಲೆ ಮಣ್ಣು, ಸುಣ್ಣದ ಗಚ್ಚು ಒಂದಡಿ ದಪ್ಪ ಹಾಕುತ್ತಿದ್ದರು. ನಮ್ಮ ಕಡೆಯ ಮಣ್ಣಿನ ಮಾಳಿಗೆಯ ಲೆಕ್ಕವೇ. ಅಷ್ಟು ಭಾರ ಹೊರಿಸುವ ಬದಲು ನಾವು ಎರಡು ಇಂಚಿನ ಗಟ್ಟಿ ಥರ್ಮೋಕೋಲಿನಂಥ ಶೀಟು ಹಾಸಿ, ಅದರ ಮೇಲೆ ಇಳಿಜಾರಿಗೆ ಸುಣ್ಣದ ಗಚ್ಚು, ಕೊನೆಗೆ ಬಿಳಿ ಟೈಲ್ಸ್ ಚೂರು. ಈ ಎರಡು ಇಂಚು ಪ್ಲಾಸ್ಟಿಕ್ ಬಗ್ಗೆ ನನ್ನ ಕೆಲವು ಗೆಳೆಯರಿಗೆ ಆಕ್ಷೇಪ ಇದೆ. 'ಸಾಂಪ್ರದಾಯಿಕ' ಅಂದಮೇಲೆ ಪೆಟ್ರೋಲಿಯಂ ಏಕೆ ಅಂತ. ಮನೆಗೆ ಬರುವ ಬಿಸಿಯಲ್ಲಿ ದೊಡ್ಡ ಪಾಲು ಮಾಳಿಗೆಯಿಂದಲೇ ಬರುವುದು. ಅಲ್ಲಿ ಒಂದಿಷ್ಟು ಹೊಸ ವಸ್ತು ಹಾಕಿ ಇಪ್ಪತ್ತು ಮೂವತ್ತು ವರ್ಷ ಎಸಿ ಓಡುವುದನ್ನು ಕಡಿಮೆ ಮಾಡಿದರೆ ನನಗೆ ಲೆಕ್ಕ ಸರಿಹೋಗುತ್ತದೆ. ಹಳಬರ ಕೈಗೆ ಆ ಶೀಟು ಸಿಕ್ಕಿದ್ದರೆ ಅವರೂ ಹಾಕುತ್ತಿದ್ದರು ಬಿಡಿ.

ಕಲ್ಲಿನ ಬಗ್ಗೆ ಇಷ್ಟು ಹೊಗಳಿದ ಮೇಲೆ ಅದರ ಧೂಳಿನ ಬಗ್ಗೆಯೂ ಬರೆಯಬೇಕು. ಮರಳುಗಲ್ಲಿನ ಧೂಳು ಎದೆಗೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ. ಅದಕ್ಕೆ ಔಷಧಿ ಇಲ್ಲ. ಜೋಧ್‌ಪುರ ಸುತ್ತಿನ ಗಣಿಗಳಲ್ಲಿ, ಕೆತ್ತನೆಯ ಶೆಡ್ಡುಗಳಲ್ಲಿ ನಡುವಯಸ್ಸಿಗೇ ಉಸಿರು ಸೋಲುವ ಗಂಡಸರಿದ್ದಾರೆ. ಗಂಡ ಸತ್ತು ಅದೇ ಗಣಿಗೆ ಕೂಲಿಗೆ ಹೋಗುವ ಹೆಂಗಸರೂ ಇದ್ದಾರೆ. ರಾಜಸ್ಥಾನ ಸರ್ಕಾರ 2019ರಲ್ಲಿ ಇದಕ್ಕೆಂದೇ ಒಂದು ನೀತಿ ತಂದು ಪರಿಹಾರ, ಪಿಂಚಣಿ ಇಟ್ಟಿದೆ. ಪರಿಸರಸ್ನೇಹಿ ಮನೆ ಅಂತ ಫೋಟೋ ಹಾಕುವಾಗ ಈ ಎದೆಗಳ ಲೆಕ್ಕ ಯಾರೂ ಹಾಕುವುದಿಲ್ಲ. ನಾವು ಕೆತ್ತನೆ ಕೆಲಸವನ್ನು ಆದಷ್ಟು ಕಡಿಮೆ ಮಾಡಿದೆವು. ಕತ್ತರಿಸುವಾಗ ನೀರು ಬಿಡುವ ಮೆಷಿನ್ನೇ ಇರಬೇಕು, ಒಣ ಗ್ರೈಂಡರ್ ಬೇಡ ಅಂತ ಕರಾರಿನಲ್ಲೇ ಬರೆದೆ. ಅದರಿಂದ ಖರ್ಚು ಏರಿತು. ಮಿಸ್ತ್ರಿಗಳೇ ಮಾಸ್ಕ್ ಹಾಕಲು ಒಪ್ಪುತ್ತಿರಲಿಲ್ಲ, ಸೆಕೆ ಅಂತ. ಅವರ ಜೊತೆ ದಿನಾ ಜಗಳ. ಕತ್ತರಿಸುವ ಜಾಗವನ್ನು ಗಾಳಿ ಬೀಸುವ ದಿಕ್ಕಿನ ಕೊನೆಗೆ ಒಯ್ದು, ಉಳಿದವರು ದೂರ ಇರುವ ಹಾಗೆ ಮಾಡಿದೆವು. ಇಷ್ಟಾದರೂ ಗಣಿಯಲ್ಲಿ ಏನಾಗುತ್ತದೆ ಅನ್ನುವುದು ನನ್ನ ಕರಾರಿನ ಆಚೆಗೇ ಉಳಿಯುತ್ತದೆ.

ಸುಣ್ಣದ ಕೆಲಸಕ್ಕೆ ಸಿಕ್ಕವರು ಕಾಕೋಸಾ. ಎಪ್ಪತ್ತರ ಹತ್ತಿರದ ಮಿಸ್ತ್ರಿ, ಎಲ್ಲರಿಗೂ ಚಿಕ್ಕಪ್ಪ. ಸುಣ್ಣಕ್ಕೆ ಬೆಲ್ಲ, ಮೆಂತ್ಯ, ಗುಗ್ಗುಳ ನೆನೆಸಿದ ನೀರು ಹಾಕುತ್ತಾರೆ. ಬೆಲ್ಲದ ನೀರು ಗಟ್ಟಿತನಕ್ಕೆ, ಮೆಂತ್ಯದ ಲೋಳೆ ಅಂಟಿಗೆ. ಅಡುಗೆಯವರ ಹಾಗೆ ಬೆರಳಲ್ಲಿ ಮುಟ್ಟಿ ನೋಡಿ ಹದ ಹೇಳುತ್ತಾರೆ. "ಇವತ್ತು ಬೇಡ ಬಾಯಿಸಾ, ಇನ್ನೂ ಸಿಟ್ಟಿನಲ್ಲಿದೆ" ಅನ್ನುತ್ತಿದ್ದರು, ಪೂರ್ತಿ ಅರಳದ ಸುಣ್ಣಕ್ಕೆ. ಸಿಮೆಂಟಿನ ಗಿಲಾವು ಮಾಡಿದ್ದರೆ ಎರಡು ವಾರದ ಕೆಲಸ. ಇದು ತಿಂಗಳುಗಟ್ಟಲೆ ಹಿಡಿಯಿತು. ಆದರೆ ಸವಳು ನೆಲದಲ್ಲಿ ಸುಣ್ಣ ಬೇಕೇ ಬೇಕು. ಗೋಡೆಯ ಬುಡದಿಂದ ಏರುವ ತೇವ ಸುಣ್ಣದ ಮೂಲಕ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಬಳಿದರೆ ಒಳಗೇ ಸಿಕ್ಕಿಕೊಂಡು, ಉಪ್ಪು ಹರಳುಗಟ್ಟಿ, ಕಲ್ಲಿನ ಮುಖವನ್ನೇ ಉದುರಿಸುತ್ತದೆ. ಬುಡದಲ್ಲಿ ತೇವ ತಡೆಯಲು ಹೊಸ ಕಾಲದ ಡಾಂಬರು ಶೀಟೂ ಹಾಕಿದೆವು. ಕಾಕೋಸಾ ಅದನ್ನು ನೋಡಿ ಮೂಗು ಮುರಿದರು, ಆದರೆ ಬೇಡ ಅನ್ನಲಿಲ್ಲ.

ದುಬೈ ಕಡೆಯ ಗಾಳಿಗೋಪುರದ ಮಾತೂ ಬಂತು, ಅಂದರೆ ಮೇಲೆ ಬೀಸುವ ಗಾಳಿಯನ್ನು ಹಿಡಿದು ಮನೆಯೊಳಗೆ ಇಳಿಸುವ ಗೋಪುರ. ಶೇಠ್‌ಜಿಯ ಮಗ ವಿಡಿಯೋ ಕಳಿಸಿದ್ದ. ಇರಾನಿನ ಯಜ್ದ್ ಊರಲ್ಲಿ, ದುಬೈನ ಹಳೆಯ ಅಲ್ ಫಹೀದಿ ಬಡಾವಣೆಯಲ್ಲಿ ಅವು ಇವೆ. ಗಡಿಯಾಚೆ ಸಿಂಧ್‌ನ ಹೈದರಾಬಾದಿನಲ್ಲೂ ಮಾಳಿಗೆ ಮೇಲೆ ಸಾಲುಸಾಲಾಗಿ ಇದ್ದವು, ಅಲ್ಲಿಗೆ ಸಮುದ್ರದ ತಂಗಾಳಿ ಬರುತ್ತದೆ. ಜೈಸಲ್ಮೇರ್, ಬಾಲೋತ್ರಾ ಕಡೆ ಅವನ್ನು ನಾನು ಕಂಡಿಲ್ಲ. ಮೇ ತಿಂಗಳ ಮಧ್ಯಾಹ್ನ ಇಲ್ಲಿ ಬೀಸುವುದು ಧೂಳು ತುಂಬಿದ ಲೂ. ಅದನ್ನು ಗೋಪುರ ಕಟ್ಟಿ ಒಳಗೆ ಕರೆಯುವುದೇ? ಹಗಲೆಲ್ಲ ಮುಚ್ಚಿ, ರಾತ್ರಿ ತೆಗೆಯುವುದೇ ಇಲ್ಲಿನ ಪದ್ಧತಿ. ಅದನ್ನೇ ಉಳಿಸಿದೆವು. ಉತ್ತರಕ್ಕೆ ಕೆಳಗೆ ಕಿಟಕಿ, ಚೌಕ್ ಕಡೆಗೆ ಎತ್ತರದಲ್ಲಿ ಗೂಡು, ಅಂದರೆ ತೆಗೆದು ಮುಚ್ಚುವ ಗಾಳಿಕಿಂಡಿ. ರಾತ್ರಿ ಎರಡನ್ನೂ ತೆಗೆದರೆ ಒಳಗಿನ ಬಿಸಿ ಮೇಲಿಂದ ಹೋಗಿ, ಕೆಳಗಿಂದ ತಂಪು ಬರುತ್ತದೆ. ಕಳ್ಳರ ಭಯಕ್ಕೆ ಗ್ರಿಲ್, ಸೊಳ್ಳೆಗೆ ಮೆಶ್, ಪಾರಿವಾಳಕ್ಕೆ ಇನ್ನೊಂದು ಮೆಶ್. ಮಾರ್ವಾಡದಲ್ಲಿ ಮನೆ ವಿನ್ಯಾಸ ಮಾಡುವವರು ಪಾರಿವಾಳವನ್ನೂ ಮನೆಮಂದಿಯ ಲೆಕ್ಕಕ್ಕೆ ಹಿಡಿಯಬೇಕು.

ಚೌಕ್ ಅಡಿಯಲ್ಲಿ ಟಾಂಕಾ, ಮಳೆನೀರಿನ ತೊಟ್ಟಿ. ಇದರಲ್ಲಿ ನಾನು ಹೊಸದೇನೂ ಮಾಡಲಿಲ್ಲ, ಮಾಡಬೇಕಾದ್ದೂ ಇರಲಿಲ್ಲ. ಲೆಕ್ಕ ಮಾತ್ರ ಹಾಕಿಕೊಟ್ಟೆ. ಮಾಳಿಗೆ 150 ಚದರ ಮೀಟರ್. ವರ್ಷಕ್ಕೆ 250 ಮಿಲಿಮೀಟರ್ ಮಳೆ ಬಿದ್ದರೆ 37,500 ಲೀಟರ್. ಮೊದಲ ಮಳೆ ಹೊರಗೆ ಬಿಟ್ಟು, ಆರಿದ್ದು ಸೋರಿದ್ದು ಕಳೆದರೂ 30,000 ಉಳಿಯುತ್ತದೆ. ನಾಲ್ಕು ಜನಕ್ಕೆ ತಲಾ ದಿನಕ್ಕೆ ಇಪ್ಪತ್ತು ಲೀಟರಿನಂತೆ ವರ್ಷಪೂರ್ತಿ ಕುಡಿಯಲು, ಅಡುಗೆಗೆ ಸಾಕು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಗುಡಿಸುವುದು, ಚಪ್ಪಲಿ ಹಾಕಿ ಮೇಲೆ ಹತ್ತಬಾರದು ಅನ್ನುವುದು ಮಾಜೀಸಾ ಕಾನೂನು. ಸೋಲಾರ್ ಪ್ಯಾನೆಲ್ ಒರೆಸಲು ಬರುವ ಹುಡುಗನಿಗೂ ವಿನಾಯಿತಿ ಇಲ್ಲ.

ಇಷ್ಟೆಲ್ಲ ಮಾಡಿ ಎಷ್ಟು ತಂಪಾಯಿತು ಅಂತ ಕೇಳುತ್ತೀರಿ. ಅವರು ಬಂದು ಇದ್ದ ಮೊದಲ ಮೇ ತಿಂಗಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ. ಮಧ್ಯಾಹ್ನ ಮೂರಕ್ಕೆ ಹೊರಗೆ 44, ಮಲಗುವ ಕೋಣೆಯಲ್ಲಿ ಫ್ಯಾನ್ ಕೆಳಗೆ 33. ತಮ್ಮನ ಮನೆಯಲ್ಲಿ ಎಸಿ ಆರಿಸಿದ್ದ ಕೋಣೆಯಲ್ಲಿ 39. ರಾತ್ರಿ ಹತ್ತಕ್ಕೆ ನಮ್ಮದರಲ್ಲಿ 33ರ ಆಸುಪಾಸೇ. 33 ಅಂದರೆ ಮಲೆನಾಡಿನವರಿಗೆ ನಗು ಬರಬಹುದು. ಒಣ ಹವೆಯಲ್ಲಿ ಫ್ಯಾನ್ ಕೆಳಗೆ ಅದು ಆರಾಮದ ಬಿಸಿ. ಜಾಸ್ತಿ ಅನ್ನಿಸಿದ ದಿನ ಒಂದು ಕೂಲರ್.

ಕಷ್ಟ ಆಗುವುದು ಜುಲೈ ಕೊನೆಯಿಂದ ಆಗಸ್ಟ್ ತನಕ. ಗಾಳಿಯಲ್ಲಿ ತೇವ ಏರುತ್ತದೆ, ಕೂಲರ್ ಕೆಲಸಕ್ಕೆ ಬರುವುದಿಲ್ಲ, ರಾತ್ರಿಯೂ ತಣ್ಣಗಾಗುವುದಿಲ್ಲ. ಮೋಡ ಆಕಾಶಕ್ಕೆ ಮುಚ್ಚಳ ಹಾಕಿಬಿಡುತ್ತದೆ. ಆ ಆರೇಳು ವಾರಕ್ಕೆ ದಪ್ಪ ಗೋಡೆಯಿಂದ ಅಷ್ಟೇನೂ ಉಪಯೋಗ ಇಲ್ಲ. ಹಳೆಯ ಮನೆಗಳಲ್ಲೂ ಇರಲಿಲ್ಲ, ಜನ ಸುಮ್ನೆ ಬೆವರಿಕೊಂಡು ಇರುತ್ತಿದ್ದರು. ಹಾಗಾಗಿ ಒಂದು ಮಲಗುವ ಕೋಣೆಗೆ ಎಸಿಯ ಜಾಗ ಮೊದಲೇ ಇಟ್ಟಿದ್ದೆ, ಸಣ್ಣದು. ಗೋಡೆ ಮಾಳಿಗೆ ಚೆನ್ನಾಗಿದ್ದರೆ ಸಣ್ಣ ಎಸಿ ಸಾಕಾಗುತ್ತದೆ. ಎಸಿ ಇಲ್ಲದ ಮನೆ ಅಂತ ಬೀಗಲು ನನಗೇನೂ ಆಸೆ ಇಲ್ಲ. ಮಾಜೀಸಾಗೆ ಎಂಬತ್ತು ದಾಟಿದೆ, ನಿದ್ದೆ ಬರಬೇಕು.

ಶೇಠ್‌ಜಿಯ ಹೆಂಡತಿ ಶೇಠಾಣಿಯವರ ದೂರು ಒಂದೇ, ಧೂಳು. ಬಿರುಗಾಳಿ ಬಂದ ದಿನ ಗೂಡು ಮುಚ್ಚಲು ಮರೆತರೆ ಸೋಫಾ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಗೂಡುಗಳಿಗೆ ಕೆಳಗಿಂದಲೇ ಎಳೆದು ಮುಚ್ಚುವ ಹಗ್ಗ ಕಟ್ಟಿಸಿದೆವು. ಬಿಲ್ಲು ಕಡಿಮೆ ಬಂದ ಖುಷಿ ಶೇಠ್‌ಜಿಗೆ, ಒರೆಸುವ ಕೆಲಸ ಇವರಿಗೆ. ಇಬ್ಬರ ನಡುವೆ ನಾನು ಬಾಯಿ ಹಾಕುವುದಿಲ್ಲ.

ಈಗ ಶೇಠ್‌ಜಿಯ ಇನ್ನೊಬ್ಬ ತಮ್ಮ ಗದಗದಲ್ಲಿ ಮನೆ ಕಟ್ಟಿಸಬೇಕಂತೆ. ಅಣ್ಣನ ಮನೆ ನೋಡಿ ಹೋಗಿ ಹಟ ಹಿಡಿದಿದ್ದಾರೆ, ಜೋಧ್‌ಪುರದ ಕಲ್ಲು ಲಾರಿಗೆ ಹಾಕಿ ಕಳಿಸಿ ಅಂತ. ಅಷ್ಟು ದೂರ ಡೀಸೆಲ್ ಸುಟ್ಟು ಮರಳುಗಲ್ಲು ಒಯ್ಯುವುದು ಯಾಕೆ, ಪಕ್ಕದ ಬಾದಾಮಿ, ಗುಳೇದಗುಡ್ಡದಲ್ಲಿ ಅದೇ ಜಾತಿಯ ಕಲ್ಲು ಬಿದ್ದಿದೆಯಲ್ಲ ಅಂದೆ. "ಅದು ಖರೇರೀ, ಆದ್ರ ಅದಕ ಮಾರ್ವಾಡದ ಬಣ್ಣ ಇಲ್ಲಲ್ರೀ" ಅಂದರು. ಮುಂದಿನ ವಾರ ಮತ್ತೆ ಫೋನ್ ಮಾಡುತ್ತಾರಂತೆ. ಅಷ್ಟರಲ್ಲಿ ಗದಗದ ರಾತ್ರಿಯ ಉಷ್ಣತೆಯ ಲೆಕ್ಕ ತೆಗೆದು ಇಟ್ಟುಕೊಳ್ಳಬೇಕು. ಗೋಡೆಗೆ ಹದಿನೇಳು ಇಂಚು ಅಲ್ಲಿ ಬೇಕೋ ಬೇಡವೋ, ಅದು ಗೊತ್ತಾಗದೆ ಬಣ್ಣದ ಮಾತು ಆಡಿ ಏನು ಬಂತು?